ಶರ್ಲಿಯ ಗೇಟಿಗೆ ಬಿದ್ದ ಬೀಗ

ಹೋದ ವಾರ ಕ್ಲಿನಿಕ್ಕಿಗೆ ಬಂದವನೊಬ್ಬ ಕುರ್ಚಿಯಲ್ಲಿ ಕೂತ ಕೂಡಲೇ ಕೋಣೆಯ ತುಂಬ ಜೌಗಿನ ವಾಸನೆ ಹರಡಿತು. ಕೊಳೆತ ಹುಲ್ಲು, ಕೆಸರು, ನೆಂದ ನಾಯಿ, ಅದರ ಮೇಲೆ ತೆಳ್ಳಗೆ ಸುಟ್ಟ ಮದ್ದಿನ ಘಾಟು. ನಾನು ಮೆಲ್ಬರ್ನಿನ ಪಶ್ಚಿಮದಲ್ಲಿ ಕಿವಿ ಪರೀಕ್ಷೆ ಮಾಡುವವಳು. ಕೇಳಿಸದವರ ಕಿವಿಗೆ ಮೆಷಿನ್ ಕೂರಿಸುವುದು ನನ್ನ ಹೊಟ್ಟೆಪಾಡು. ಬಾತುಕೋಳಿ ಬೇಟೆಯವರು ನನಗೆ ಹೊಸಬರಲ್ಲ. ವರ್ಷಗಟ್ಟಲೆ ಕಿವಿಯ ಪಕ್ಕದಲ್ಲಿ ಬಂದೂಕು ಹಾರಿಸಿದವರು ಕೊನೆಗೆ ನನ್ನಂಥವರ ಹತ್ತಿರವೇ ಬರಬೇಕು. ಇವನು ಸಿಡ್ನಿಯವನಂತೆ, ಸೀಸನ್‌ಗೆಂದು ಬಂದವನ ಕಿವಿ ಮುಚ್ಚಿಕೊಂಡಿತ್ತು. ನಾನು ಗುಗ್ಗೆ ತೆಗೆದು ಮುಗಿಸುವಷ್ಟರಲ್ಲಿ, "ನೀವು ಇಲ್ಲಿಯವರೇ ಅಲ್ವಾ? ಬೇಟೆಗೆ ಒಳಗೆ ಬಿಡೋ ಫಾರ್ಮ್ ಯಾವುದಾದ್ರೂ ಗೊತ್ತಾ?" ಅಂದ. ಗೊತ್ತಿಲ್ಲ ಅಂದೆ. ಸುಳ್ಳು. ಈ ಸುಳ್ಳನ್ನು ನಾಲ್ಕು ವರ್ಷ ಮೊದಲೇ ಹೇಳಲು ಕಲಿತಿದ್ದರೆ ಒಬ್ಬ ಹಿರಿಯರ ಕೊನೆಯ ಜೌಗು ಅವರ ಪಾಲಿಗೆ ಉಳಿಯುತ್ತಿತ್ತು.

ಆ ಹಿರಿಯರು ಕೊಲಿನ್. ವಿಂಡಮ್ ವೇಲ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಎಪ್ಪತ್ತೆಂಟರ ಆಳು, ಹೆಂಡತಿ ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ ಈ ಹೊಸ ಎಸ್ಟೇಟಿನ ಸಣ್ಣ ಮನೆಗೆ ಬಂದಿದ್ದರು. ನಾವು ಹಾಲುಕ್ಕಿಸಿದ ದಿನವೇ ಬೇಲಿಯ ಮೇಲಿಂದ ತಲೆ ಹಾಕಿ, "ನಿಮ್ಮ ಅಡುಗೆಮನೆ ಇದೆಯಲ್ಲ, ಅಲ್ಲಿ ಮೊದಲು ನೀರು ನಿಲ್ತಿತ್ತು. ನಾನು ಮೊದಲನೇ ಬಾತು ಹೊಡೆದದ್ದು ಅಲ್ಲೇ" ಅಂದರು. ಗೃಹಪ್ರವೇಶದ ದಿನ ಕೇಳುವ ಮಾತೇ ಅದು! ನಾನು ಧಾರವಾಡದ ಲಿಂಗಾಯತರ ಮನೆಯ ಮಗಳು, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ನನ್ನ ಗಂಡ ಮಹಾಂತೇಶ ಹುಬ್ಬಳ್ಳಿಯವರು, ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಜೀವ. "ಹಂಗಾರ ನಾವು ಬಾತುಗಳ ಮನಿ ಕಸಗೊಂಡೀವಿ ಬಿಡು" ಎಂದು ನಕ್ಕುಬಿಟ್ಟರು. ಕೊಲಿನ್ ನನ್ನನ್ನು "ಲವ್" ಎಂದು ಕರೆಯುತ್ತಿದ್ದರು. ಮೊದಲ ಸಲ ಅದನ್ನು ಕೇಳಿ ಇಲ್ಲದ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಿದ್ದೆ. ಆಮೇಲೆ ನೋಡಿದರೆ ಬೇಕರಿಯ ಹುಡುಗಿಯೂ ಲವ್, ಅವರ ಕಪ್ಪು ನಾಯಿ ಟೆಸ್ ಕೂಡ ಲವ್.

ಪಕ್ಕದ ಮನೆಯವರು ಆಮೇಲೆ ನನ್ನ ಪೇಶೆಂಟ್ ಕೂಡ ಆದರು. ಎಲ್ಲರೂ ಟಿವಿ ಕೇಳಿಸಲಿ, ಮೊಮ್ಮಕ್ಕಳ ಮಾತು ಕೇಳಿಸಲಿ ಎಂದು ಬಂದರೆ ಇವರ ಬೇಡಿಕೆಯೇ ಬೇರೆ. ಬಾತುಗಳು ತಲೆಯ ಮೇಲೆ ಬರುವ ಮೊದಲು ಅವುಗಳ ರೆಕ್ಕೆ ಸಣ್ಣಗೆ ಶಿಳ್ಳೆ ಹಾಕುತ್ತದಂತೆ, ಅದು ಬೇಕು. ಅಂಥ ಸಣ್ಣ ದನಿ ಹಿಡಿಯುವ ಶಕ್ತಿ ಅವರ ಕಿವಿಯಲ್ಲಿ ಉಳಿದಿರಲಿಲ್ಲ. ಮೆಷಿನ್ನಿನಿಂದ ಮಾತು ಕೇಳಿಸೀತು, ಶಿಳ್ಳೆ ಕೇಳಿಸದು ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. "ಹಾಗಾದ್ರೆ ನೀನೇ ಬಾ" ಅಂದರು. ಸೊಂಟದ ಆಪರೇಷನ್ ಆದ ಮೇಲೆ ಅವರಿಗೆ ದೂರ ಗಾಡಿ ಓಡಿಸಲು ಆಗುತ್ತಿರಲಿಲ್ಲ. ಹೀಗೆ ಒಂದು ಸೀಸನ್ನಿಗೆ ನಾನು ಅವರ ಡ್ರೈವರ್ ಆದೆ, ಕಿವಿಯೂ ಆದೆ. ಹೊದರಿನ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಫ್ಲಾಸ್ಕಿನ ಚಹಾ ಕುಡಿಯುತ್ತ, ರೆಕ್ಕೆಯ ಸದ್ದು ಬಂದ ದಿಕ್ಕಿಗೆ ಬೆರಳು ತೋರಿಸುವುದು ನನ್ನ ಕೆಲಸ. ಬಂದೂಕು ಮೇಲೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಪಾಪ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಊರಲ್ಲಿ ಅವ್ವನಿಗೆ ಹೇಳುವ ಧೈರ್ಯವಂತೂ ಆಗಲೇ ಇಲ್ಲ. ಆದರೂ ಹೋಗುತ್ತಿದ್ದೆ. ಈ ದೇಶಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ನನ್ನಿಂದ ಒಂದು ಸಹಾಯ ಬೇಕು ಎಂದು ಬಾಯಿಬಿಟ್ಟು ಕೇಳಿದ ಮೊದಲ ಇಲ್ಲಿಯ ಮನುಷ್ಯ ಅವರೇ.

ನಾನು ಹೇಳಹೊರಟದ್ದು ಅದರ ಮರುವರ್ಷದ ಸೀಸನ್ನಿನ ಕಥೆ. ಮಾರ್ಚಿನಲ್ಲಿ ಮೊದಲ ದಿನ ಯಾವತ್ತಿನಂತೆ ಸರ್ಕಾರಿ ಜೌಗಿಗೆ ಹೋದೆವು. ಲೈಸೆನ್ಸ್ ಇದ್ದವರು ಯಾರು ಬೇಕಾದರೂ ಬರಬಹುದಾದ ಜಾಗ ಅದು. ಕತ್ತಲಿರುವಾಗಲೇ ಮನೆ ಬಿಟ್ಟಿದ್ದರೂ ನಾವು ಮುಟ್ಟುವಷ್ಟರಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಒಂದರ ಹಿಂದೊಂದು ನ್ಯೂ ಸೌತ್ ವೇಲ್ಸ್ ನಂಬರ್ ಪ್ಲೇಟಿನ ಗಾಡಿಗಳು. ಅಲ್ಲಿ ಮೋಜಿಗೆ ಬಾತು ಹೊಡೆಯುವುದು ಎಂದೋ ನಿಂತಿದೆ, ವಿಕ್ಟೋರಿಯಾದಲ್ಲಿ ಇನ್ನೂ ನಡೆಯುತ್ತದೆ, ಹಾಗಾಗಿ ಸೀಸನ್ ಬಂತೆಂದರೆ ಎಲ್ಲರೂ ಇತ್ತ ಮುಖ ಮಾಡುತ್ತಾರೆ. ಕೊಲಿನ್ ಹುಡುಗನಾಗಿದ್ದಾಗಿನಿಂದ ಕೂರುತ್ತಿದ್ದ ಜೊಂಡಿನ ಮೂಲೆಯಲ್ಲಿ ಆರು ಜನ ಟೆಂಟು ಹಾಕಿದ್ದರು. ನೀರಿನಲ್ಲಿ ನಿಜದ ಹಕ್ಕಿಗಳನ್ನು ಸೆಳೆಯಲು ಬ್ಯಾಟರಿಯಿಂದ ರೆಕ್ಕೆ ತಿರುಗಿಸುವ ಪ್ಲಾಸ್ಟಿಕ್ ಬಾತುಗಳು. ಎಂಟು ಗಂಟೆಗೆ ಶುರುವಾದ ಗುಂಡಿನ ಸದ್ದು ದೀಪಾವಳಿಯ ಸರಪಟಾಕಿಯನ್ನೂ ಮೀರಿಸಿತು. ಗುಂಡಿಗೆಟುಕದಷ್ಟು ಎತ್ತರದಲ್ಲಿ ಹೋಗುವ ಹಕ್ಕಿಗೂ ಹೊಡೆಯುವವರೇ. ರೆಕ್ಕೆ ಮುರಿದ ಒಂದು ಬಾತು ನಮ್ಮ ಎದುರಿನ ಜೊಂಡಿನೊಳಗೆ ಬಿತ್ತು, ಯಾರೂ ಹುಡುಕಿಕೊಂಡು ಬರಲಿಲ್ಲ. ಕೊಲಿನ್ ಟೆಸ್ಸನ್ನು ಬಿಟ್ಟು ಅದನ್ನು ತರಿಸಿ ನೋವು ಮುಗಿಸಿದರು. ತಮ್ಮ ಬಂದೂಕನ್ನು ಚೀಲದಿಂದ ತೆಗೆಯಲೇ ಇಲ್ಲ.

"ಇರಲಿ ಲವ್, ಶರ್ಲಿಯ ಜೌಗು ಇದೆಯಲ್ಲ" ಅಂದರು ವಾಪಸು ಬರುವಾಗ. ಅವರ ಹಳೆಯ ಜಾಗಗಳೆಲ್ಲ ಒಂದೊಂದಾಗಿ ಹೋಗಿದ್ದವು. ಕೆಲವು ನಮ್ಮಂಥವರ ಮನೆಗಳಾಗಿದ್ದವು, ಕೆಲವು ಹೊರಗಿನವರ ಜಾತ್ರೆಯಾಗಿದ್ದವು. ಉಳಿದದ್ದು ಅದೊಂದೇ.

ಶರ್ಲಿ ಕೊಲಾಕ್ ಕಡೆಯ ವಿಧವೆ, ಹಸು ಸಾಕಿದವಳು. ಅವಳ ಜಮೀನಿನ ತಗ್ಗಿನಲ್ಲಿ ನಮ್ಮ ಕಡೆಯ ಸಣ್ಣ ಕೆರೆಯಷ್ಟು ಜೌಗು. ಕೊಲಿನ್ ಅಲ್ಲಿಗೆ ನಲವತ್ತು ವರ್ಷದಿಂದ ಹೋಗುತ್ತಿದ್ದರು. ಕಾಗದವಿಲ್ಲ, ಸಹಿಯಿಲ್ಲ, ಬರೀ ಬಾಯಿಮಾತು. ಪ್ರತಿ ವರ್ಷ ಸೀಸನ್ನಿಗೆ ಮೊದಲು ಹೋಗಿ, ಅವಳ ಬೇಲಿ ಬಿಗಿದು, ಸೂರಿನ ಮಳೆನೀರ ದೋಣಿಯ ಎಲೆ ತೆಗೆದು, ಚಹಾ ಕುಡಿದು, "ಈ ವರ್ಷವೂ ಬರಲಾ?" ಎಂದು ಕೇಳುವುದು. ಅವಳು "ಬಾ" ಅನ್ನುವುದು. ಮೊದಲ ಸಲ ನನ್ನನ್ನು ಕರೆದುಕೊಂಡು ಹೋಗುವಾಗ, ಡ್ರೈವರ್ ಒಬ್ಬಳು ಬರಬಹುದೇ ಎಂದು ಫೋನು ಮಾಡಿ ಕೇಳಿದ್ದರು. ಇದೆಂಥ ಬಿಗುಮಾನ ಅನ್ನಿಸಿತ್ತು ನನಗೆ. ನಮ್ಮ ಕಡೆ ನೆಂಟರ ನೆಂಟರು ಊಟಕ್ಕೆ ಬಂದರೂ ಇನ್ನೊಂದು ತಾಟು ಹಾಕುತ್ತೇವೆ, ಯಾರನ್ನು ಕೇಳಿ ಬಂದೆ ಎಂದು ಯಾರೂ ಕೇಳುವುದಿಲ್ಲ.

ಅಲ್ಲಿ ಕೊಲಿನ್ ಸೀಸನ್ ಶುರುವಾದ ಕೂಡಲೇ ಹೋಗುತ್ತಿರಲಿಲ್ಲ. ಬೇರೆ ಕಡೆ ಗುಂಡಿಗೆ ಹೆದರಿದ ಹಕ್ಕಿಗಳು ಇಲ್ಲಿ ಬಂದು ಕೂರಲಿ, ಧೈರ್ಯ ಮಾಡಲಿ ಎಂದು ನಾಲ್ಕೈದು ವಾರ ಬಿಡುತ್ತಿದ್ದರು. ಹೋದರೂ ಎರಡೋ ಮೂರೋ ಹೊಡೆದು ಮುಗಿಸುವರು. ಜೌಗಿನ ಆಚೆಯ ಅರ್ಧಕ್ಕೆ ಯಾವತ್ತೂ ಕಾಲಿಡರು. ಅದು ಅವುಗಳ ಮಲಗುವ ಕೋಣೆ, ಮಲಗುವ ಕೋಣೆಗೆ ನುಗ್ಗಿದರೆ ಯಾರು ತಾನೇ ಆ ಮನೆಯಲ್ಲಿ ಇರುತ್ತಾರೆ ಅನ್ನುವರು.

ಆ ಕಾಯುವ ವಾರಗಳಲ್ಲೇ ಯುಗಾದಿ ಬಂತು. ಊಟಕ್ಕೆ ವಿನಾಯಕ ಬಂದ. ಬೆಳಗಾವಿಯವನು, ಮಹಾಂತೇಶರ ಕಾಲೇಜಿನ ಗೆಳೆಯ, ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಮನೆ. ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮವ್ವ ಮೊದಲ ಸಲ ಬರುವಾಗ ಸಿಡ್ನಿಯಲ್ಲಿ ವಿಮಾನ ತಪ್ಪಿತ್ತು. ಇಂಗ್ಲಿಷಿನ ಗಂಧವಿಲ್ಲದ ಹೆಂಗಸು ಏರ್‌ಪೋರ್ಟಿನಲ್ಲಿ ಅಳುತ್ತ ಕೂತಿದ್ದಾಗ ವಿನಾಯಕ ಕೆಲಸ ಬಿಟ್ಟು ಓಡಿಹೋಗಿ, ಮೂರು ದಿನ ಮನೆಯಲ್ಲಿಟ್ಟುಕೊಂಡು, ರೊಟ್ಟಿ ಮಾಡಿಸಿ ಹಾಕಿ, ತಾನೇ ವಿಮಾನ ಹತ್ತಿಸಿ ಕಳಿಸಿದ್ದ. ಅಂಥವನು. ಹೋಳಿಗೆ ಬಡಿಸುವಾಗ ಊರಿನಿಂದ ವಿಡಿಯೊ ಕಾಲ್‌ನಲ್ಲಿದ್ದ ಅವ್ವ, "ವಿನಾಯಕ ಬಂದಾನೇನು? ಅವಗ ಏನ್ ಬೇಕು ಕೇಳಿ ಕೊಡವಾ" ಅಂದಳು.

ಅವನಿಗೆ ಬೇಕಾಗಿದ್ದದ್ದು ಹೋಳಿಗೆಯಲ್ಲ. ಅವನ ಅಪ್ಪ ಮಿಲಿಟರಿಯಲ್ಲಿದ್ದವರು. ಗೋಡೆಯ ಮೇಲಿನ ಅವರ ಬಂದೂಕನ್ನು ನೋಡುತ್ತ ಬೆಳೆದ ಹುಡುಗನಿಗೆ ಅದನ್ನು ಮುಟ್ಟುವ ಅವಕಾಶ ಸಿಕ್ಕಿರಲಿಲ್ಲ. ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಮಾಡಿಸಿ, ಹಕ್ಕಿ ಗುರುತಿಸುವ ಪರೀಕ್ಷೆ ಪಾಸಾಗಿ, ಗೆಳೆಯರ ಗುಂಪು ಕಟ್ಟಿಕೊಂಡಿದ್ದ. ಬಂದೂಕನ್ನು ಅವರ ಹತ್ತಿರ ಬಿಟ್ಟು ಊಟಕ್ಕೆ ಬಂದಿದ್ದ.

"ಒಂಬತ್ತು ತಾಸು ಗಾಡಿ ಹೊಡಕೊಂಡು ಬಂದೀವ್ರಿ ವೈನಿ" ಅಂದ. "ಸರ್ಕಾರಿ ಜಾಗದಾಗ ಬಾತುಗಿಂತ ಜನಾನ ಜಾಸ್ತಿ. ನಿಮ್ಮ ಬಾಜೂ ಮನಿ ಅಜ್ಜಾರು ಎಲ್ಲಿ ಹೋಗ್ತಾರ?"

ನಾನು ಹೇಳಿಬಿಟ್ಟೆ. ಬರೀ ಹೇಳಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ಕೈ ತೊಳೆದು ಬಂದು ಶರ್ಲಿಗೆ ಫೋನು ಹಚ್ಚಿದೆ. ನಮ್ಮವರು, ಮನೆಯವರಿದ್ದ ಹಾಗೆ, ಒಂದೇ ದಿನ ಬಂದು ಹೋಗುತ್ತಾರೆ ಎಂದೆ.

"ಕೊಲಿನ್‌ಗೆ ಗೊತ್ತಿದೆಯಾ?" ಎಂದು ಕೇಳಿದಳು ಶರ್ಲಿ.

"ಅವರೇನೂ ಅನ್ನಲ್ಲ" ಅಂದೆ.

ಇಷ್ಟೇ ನಾನು ಮಾಡಿದ್ದು. ಇನ್ನೊಬ್ಬರ ಪರವಾಗಿ ಹೂಂ ಅನ್ನುವುದು ನಮ್ಮಲ್ಲಿ ಸಲಿಗೆಯ ಲಕ್ಷಣ. ಅತ್ತೆಯ ಪರವಾಗಿ ಸೊಸೆ, ಅಣ್ಣನ ಪರವಾಗಿ ತಮ್ಮ, ಎಲ್ಲರೂ ಎಲ್ಲರ ಪರವಾಗಿ ಒಪ್ಪಿಕೊಂಡುಬಿಡುತ್ತೇವೆ. ಆಮೇಲೆ ತಿಳಿಸಿದರಾಯಿತು. ವಿನಾಯಕ ಹೋದ ಮೇಲೆ ಮಹಾಂತೇಶ, "ಕೊಲಿನ್‌ಗ ಒಂದ್ ಮಾತ ಕೇಳಬೇಕಿತ್ತಲ್ಲ?" ಅಂದರು. ತಲೆ ಕೆಡಿಸಿಕೊಳ್ಳದ ಮನುಷ್ಯನೇ ಹಾಗಂದಾಗ ನಾನು ಎಚ್ಚೆತ್ತುಕೊಳ್ಳಬೇಕಿತ್ತು. "ಒಂದ್ ದಿನದ್ದಕ್ಕ ಅವರನ್ಯಾಕ ತ್ರಾಸ ಮಾಡೂದ್ರೀ?" ಅಂದೆ.

ಬೆರಳು ತೋರಿಸಿದರೆ ಹಸ್ತ ನುಂಗಿದ ಅಂತಾರಲ್ಲ, ವಿನಾಯಕ ನುಂಗಿದ್ದು ಬಹಳ ನಯವಾಗಿ. ಮೊದಲ ದಿನ ಶರ್ಲಿಗೆ ಪೇಢೆಯ ಡಬ್ಬಿ ಕೊಟ್ಟ. ಅವಳ ಪಂಪು ಕೆಟ್ಟಿದ್ದನ್ನು ನೋಡಿ ಅರ್ಧ ದಿನ ಕೂತು ರಿಪೇರಿ ಮಾಡಿದ. ಸಂಜೆ ನನಗೆ ಫೋನು ಮಾಡಿ, "ವೈನಿ, ನೀರ ತುಂಬ ಬಾತ ರೀ! ಎಂಥಾ ಜಾಗಾ ತೋರಿಸಿದ್ರಿ!" ಎಂದು ಹುಡುಗನ ಹಾಗೆ ಕುಣಿದ. ನನಗೂ ಖುಷಿಯಾಯಿತು. ಅವ್ವನಿಗೆ ಮಾಡಿದ ಉಪಕಾರಕ್ಕೆ ನನ್ನ ಕೈಲಾದದ್ದು ಮಾಡಿದೆ ಎಂದುಕೊಂಡೆ. ಕೊಲಿನ್ ಕೂಡಿಟ್ಟುಕೊಂಡಿದ್ದ ಹಕ್ಕಿಗಳವು ಎಂಬುದು ತಲೆಗೆ ಹೊಳೆಯಲೇ ಇಲ್ಲ. ಕೊಲಿನ್‌ಗೆ ಹೇಳುವುದನ್ನು ನಾಳೆ ನಾಡಿದ್ದು ಎಂದು ಮುಂದೂಡುತ್ತ ಹೋದೆ.

ಏಪ್ರಿಲ್ ಮುಗಿಯುತ್ತ ಬಂದಾಗ ಒಂದು ಶುಕ್ರವಾರ ಕೊಲಿನ್, "ಸಮಯ ಬಂತು" ಅಂದರು. ಟೆಸ್ ಗಾಡಿಯಲ್ಲಿ ನಿಂತಲ್ಲಿ ನಿಲ್ಲದು. ದಾರಿಯುದ್ದಕ್ಕೂ ಮಂಜು, ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ. ಹೇಳಲು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಹವೆಯ ಮಾತಾಡಿದೆ. ಶರ್ಲಿಯ ಗೇಟಿನ ಹತ್ತಿರ ನಿಲ್ಲಿಸಿದಾಗ ಅದಕ್ಕೆ ಹೊಸ ಸರಪಳಿ, ಹಿತ್ತಾಳೆಯ ಬೀಗ. ನಲವತ್ತು ವರ್ಷ ಆ ಗೇಟಿಗೆ ಇದ್ದದ್ದು ಒಂದು ತಂತಿಯ ಕೊಂಡಿ ಮಾತ್ರ. ಕೊಲಿನ್ ಇಳಿದುಹೋಗಿ ಬೀಗವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಹಸುಗಳಿಗೆ ಏನಾದರೂ ರೋಗ ಬಂತೇನೋ ಅಂದರು. ಒಳಗೆ ದೂರದಲ್ಲಿ ಗುಂಡುಗಳ ಸದ್ದಾಯಿತು. ಅವರಿಗೆ ಕೇಳಿಸಿತೋ ಇಲ್ಲವೋ, ನನಗೆ ಒಂದೊಂದೂ ಕೇಳಿಸಿತು.

ಗಾಡಿ ನೋಡಿ ಶರ್ಲಿ ಬಂದಳು. ಗೇಟಿನ ಆಚೆ ನಿಂತೇ ಮಾತಾಡಿದಳು, ಮುಖ ಕೆಂಪಗಾಗಿತ್ತು. ಅವಳ ಮಗ ಸಿಡ್ನಿಯವರ ಜೊತೆ ಇಡೀ ಸೀಸನ್ನಿಗೆ ಗುತ್ತಿಗೆಯ ಕಾಗದ ಮಾಡಿಕೊಂಡಿದ್ದಾನೆ, ಇನ್ಶೂರೆನ್ಸ್ ಎಲ್ಲ ಅವರದೇ, ಕಾಗದದಲ್ಲಿ ಹೆಸರಿಲ್ಲದವರನ್ನು ಒಳಗೆ ಬಿಡುವಂತಿಲ್ಲ.

"ನಿನ್ನ ಹೆಸರೂ ಅದರಲ್ಲಿದೆ ಅಂದ್ಕೊಂಡಿದ್ದೆ ಕೊಲಿನ್. ನಿಮ್ಮ ಕಡೆಯವರೇ ಅಲ್ವಾ ಅವರು? ಇವಳೇ ತಾನೇ ಕಳಿಸಿದ್ದು. ನೀನು ಏನೂ ಅನ್ನಲ್ಲ ಅಂದಿದ್ದಳು."

ಕೊಲಿನ್ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಶರ್ಲಿ ಹೇಳಿದ್ದು ತನಗೆ ಸರಿಯಾಗಿ ಕೇಳಿಸಲಿಲ್ಲವೇನೋ, ನಾನು ಇನ್ನೊಂದು ಸಲ ಬಿಡಿಸಿ ಹೇಳುತ್ತೇನೇನೋ ಎಂದು ಕಾಯುವ ಹಾಗಿತ್ತು. ಪರೀಕ್ಷೆಯ ಕೋಣೆಯಲ್ಲಿ ಅಂಥ ಮುಖಗಳನ್ನು ದಿನವೂ ನೋಡುತ್ತೇನೆ. ಅವತ್ತು ಮಾತ್ರ ನಾನು ತಲೆ ತಗ್ಗಿಸಿದೆ, ಅವರಿಗೆ ಅಷ್ಟರಲ್ಲೇ ತಿಳಿಯಿತು. ಶರ್ಲಿಯ ಕೈಯನ್ನು ಗೇಟಿನ ಮೇಲಿಂದಲೇ ಕುಲುಕಿ, ಹಳೆಯ ಪಂಪು ಇನ್ನೂ ಓಡುತ್ತಿದೆಯಾ ಎಂದು ವಿಚಾರಿಸಿ, ಬಂದು ಗಾಡಿಯಲ್ಲಿ ಕೂತರು. ಹೊರಟ ಮೇಲೆ ಎರಡೂ ಕಿವಿಯ ಮೆಷಿನ್ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು. ವಿಂಡಮ್ ವೇಲ್ ಬರುವ ತನಕ ನಾನು ಎಷ್ಟು ಸಲ ಸಾರಿ ಅಂದೆನೋ ಲೆಕ್ಕವಿಲ್ಲ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಅವತ್ತು ಸಂಜೆಯೇ ವಿನಾಯಕನಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಪೂರ್ತಿ ಕೇಳಿಸಿಕೊಂಡ.

"ವೈನಿ, ನಾವೇನ್ ಕಳವು ಮಾಡೀವೇನ್ರಿ?" ಅಂದ. "ಲೈಸೆನ್ಸ್ ಐತಿ, ಅಗ್ರಿಮೆಂಟ್ ಐತಿ. ಅಜ್ಜಾರಿಗೆ ಅದೊಂದ ಜಾಗಾ ಉಳದೈತಿ ಅಂತ ನನಗ್ಯಾರು ಹೇಳಿದ್ರಿ? ನೀವ ಅಂದ್ರಿ, ಅವರೇನೂ ಅನ್ನಂಗಿಲ್ಲ ಅಂತ. ನಮ್ಮ ರಾಜ್ಯದಾಗಂತೂ ಬಂದ್ ಮಾಡ್ಯಾರ, ನಾವ್ ಎಲ್ಲಿಗ್ ಹೋಗೂಣ್ರಿ? ಒಂದ್ ಕೆಲಸಾ ಮಾಡ್ರಿ, ಅಜ್ಜಾರನ್ನ ಕರಕೊಂಡ್ ಬರ್ರಿ. ಗೆಸ್ಟ್ ಅಂತ ಹೆಸರು ಹಾಕಸ್ತೀನಿ. ಊಟಾನೂ ನಮ್ಮದ."

ಮನಸ್ಸಿನಿಂದಲೇ ಅಂದ. ಅದೇ ತಾಪತ್ರಯ, ಅವನು ಕೆಟ್ಟವನಾಗಿದ್ದರೆ ನನ್ನ ಸಿಟ್ಟಿಗೊಂದು ನೆಲೆ ಸಿಗುತ್ತಿತ್ತು. ಅಷ್ಟಕ್ಕೂ ಹೊರಗಿನಿಂದ ಬಂದು ಜಾಗ ಹಿಡಿದ ಎಂದು ಅವನನ್ನು ಬೈಯಲು ನಾನ್ಯಾರು? ಕೊಲಿನ್‌ನ ಮೊದಲ ಜೌಗಿನ ಮೇಲೆ ಒಲೆ ಹಚ್ಚಿ ಅನ್ನ ಮಾಡುವವಳು. ಆದರೆ ಮನೆ ಕೊಂಡಾಗ ನನಗೆ ಅವರು ಯಾರೆಂದು ಗೊತ್ತಿರಲಿಲ್ಲ. ಶರ್ಲಿಗೆ ಫೋನು ಹಚ್ಚಿದಾಗ ಗೊತ್ತಿತ್ತು.

ಮರುದಿನ ವಿನಾಯಕನ ಮಾತನ್ನು ಹೊತ್ತು ಕೊಲಿನ್ ಮನೆಗೆ ಹೋದೆ. ಅವರು ಗ್ಯಾರೇಜಿನಲ್ಲಿ ಜೌಗಿಗಿಳಿಯುವ ಎದೆಮಟ್ಟದ ರಬ್ಬರ್ ಪ್ಯಾಂಟನ್ನು ತೊಳೆದು ನೇತುಹಾಕುತ್ತಿದ್ದರು. ಆ ವರ್ಷ ಕೆಸರೇ ಕಾಣದ ಪ್ಯಾಂಟದು. ಗೆಸ್ಟ್ ಎಂಬ ಮಾತು ಕೇಳಿ ನಕ್ಕರು.

"ನಿನ್ನ ಗೆಳೆಯನಿಗೆ ಥ್ಯಾಂಕ್ಸ್ ಹೇಳು. ಅವನ ತಪ್ಪೇನಿಲ್ಲ. ಆದರೆ ನಾನು ಬೇಲಿ ಕಟ್ಟಿದ ಜಾಗಕ್ಕೆ ಯಾರದ್ದೋ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡು ಹೋಗಲಾರೆ."

"ನಾನು ಕೇಳಬೇಕಾಗಿತ್ತು" ಅಂದೆ. ಅಳು ಬಂತು.

"ಹೌದು, ಕೇಳಬೇಕಾಗಿತ್ತು" ಅಂದರು. ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಪ್ಯಾಂಟಿನ ಕಾಲುಗಳನ್ನು ಸರಿಯಾಗಿ ಎಳೆದು ಬಿಟ್ಟರು.

ಆ ಸೀಸನ್ನಿನ ಉಳಿದ ವಾರಗಳು ನನಗೆ ಬೇಲಿಯ ಈಚೆಯಿಂದ ಕೇಳಿದ ನಿಶ್ಶಬ್ದವಾಗಿಯೇ ನೆನಪಿವೆ. ಶನಿವಾರ ಬೆಳಿಗ್ಗೆ ಟೆಸ್ ಗ್ಯಾರೇಜಿನ ಬಾಗಿಲಲ್ಲಿ ಹೋಗಿ ಕೂರುತ್ತಿತ್ತು. ಒಳಗಿಂದ ಟಿವಿಯ ಸದ್ದು, ಮೆಷಿನ್ ಹಾಕದವರ ಮನೆಯ ದೊಡ್ಡ ಸದ್ದು. ಎದುರಾದರೆ ಕೊಲಿನ್ ಕೈಯೆತ್ತುತ್ತಿದ್ದರು, ಹವೆಯ ಬಗ್ಗೆ ಒಂದೆರಡು ಮಾತಾಡುತ್ತಿದ್ದರು. ಲವ್ ಅನ್ನುವುದು ನಿಂತಿತ್ತು. ನನ್ನನ್ನು ರೇಖಾ ಎಂದು ಹೆಸರು ಹಿಡಿದು ಕರೆಯತೊಡಗಿದ್ದರು, ಅದೂ ತಪ್ಪಿಲ್ಲದೆ. ಬಿಸಿತುಪ್ಪ ಅಂತಾರಲ್ಲ, ನುಂಗಲೂ ಆಗದ ಉಗುಳಲೂ ಆಗದ ಆ ಮರ್ಯಾದೆ ಹಾಗಿತ್ತು.

ಸಿಡ್ನಿಯ ಗುಂಪು ವಾರ ಬಿಡದೆ ಬಂತಂತೆ, ಹತ್ತು ಹನ್ನೆರಡು ಜನ, ಆಚೆಯ ಅರ್ಧಕ್ಕೂ ಇಳಿದರಂತೆ. ಮೇ ತಿಂಗಳ ಮಳೆ ಬೀಳುವಷ್ಟರಲ್ಲಿ ಜೌಗಿನಲ್ಲಿ ನೀರು ತುಂಬಿತ್ತು, ಹಕ್ಕಿ ಇರಲಿಲ್ಲ. ಅವರೂ ನಿಂತರು.

ಮುಂದಿನ ಫೆಬ್ರುವರಿಯಲ್ಲಿ ಶರ್ಲಿ ನನಗೆ ಫೋನು ಮಾಡಿದಳು. ಕೊಲಿನ್‌ಗೆ ಮಾಡಲು ಅವಳಿಗೆ ಮುಖವಿರಲಿಲ್ಲ. ಸಿಡ್ನಿಯವರು ಬೇರೆ ಫಾರ್ಮ್ ಹಿಡಿದಿದ್ದಾರೆ, ಮಗ ಬೀಗ ತೆಗೆದಿದ್ದಾನೆ, ಆಚೆಯ ದಡದಲ್ಲಿ ನಾಲ್ಕಾರು ಬಾತು ಬಂದು ಕೂತಿವೆ, ಕೊಲಿನ್ ಬರಬಹುದಾ ಕೇಳು ಅಂದಳು. ನಾನು ಚಪ್ಪಲಿ ಕೂಡ ಮೆಟ್ಟದೆ ಓಡಿದೆ. ಈ ಸಲ ಯಾರ ಪರವಾಗಿಯೂ ಹೂಂ ಅಂದಿರಲಿಲ್ಲ. ಬಾಗಿಲು ತೆರೆದ ಕೊಲಿನ್‌ಗೆ ಎಲ್ಲವನ್ನೂ ಅವರು ಓದಿಕೊಳ್ಳುವಂತೆ ತುಟಿಯಾಡಿಸಿ ನಿಧಾನವಾಗಿ ಹೇಳಿದೆ. ಅವರಿಗೆ ಆ ವರ್ಷದೊಳಗೆ ಬೆನ್ನು ಬಾಗಿತ್ತು. ಲೈಸೆನ್ಸ್ ಮತ್ತೆ ಮಾಡಿಸಿರಲಿಲ್ಲ, ಬಂದೂಕು ಮಾರಿಯಾಗಿತ್ತು.

"ಸುಮ್ಮನೆ ನೋಡೋಕಾದ್ರೂ ಹೋಗೋಣವಾ? ನಾನು ಗಾಡಿ ತರ್ತೀನಿ" ಎಂದು ಕೇಳಿದೆ.

ಅವರು ಬಾಗಿಲ ಚೌಕಟ್ಟಿಗೆ ಕೈಯಿಟ್ಟರು.

"ನೀನು ಹೋಗಿ ಬಾ ರೇಖಾ" ಅಂದರು. "ಶರ್ಲಿ ಈಗ ಫೋನ್ ಮಾಡೋದು ನಿನಗೆ."